ಕೇರಾಫ್ ವೈಂಡಿಂಗ್ ಅಂಗಡಿ

ಎದುರು ಮನೆಯ ಹೆಂಗಸಿಗೆ ಮಾತು ಬರುವುದಿಲ್ಲವೆಂದು ಅವನು ಎಂಟು ತಿಂಗಳು ನಂಬಿದ್ದ. (ಅವನು ಎಂದೇ ಹೇಳೋಣ. ನಾನು ಎಂದು ಬರೆಯಲು ಬರೆಯುವವನಿಗೆ ಇನ್ನೂ ಮುಖವಿಲ್ಲ.)

ನಂಬಿಕೆಗೆ ಕಾರಣವಿತ್ತು. ಬೆಳಿಗ್ಗೆ ಅವನು ಮಹಡಿ ಮೆಟ್ಟಿಲಿಳಿದು ಬೀದಿಗೆ ಬರುವ ಹೊತ್ತಿಗೆ ಸರಿಯಾಗಿ ಆಕೆ ತನ್ನ ಮನೆಯ ಮುಂಕೋಣೆಯಲ್ಲಿ, ಬಾಗಿಲು ಪೂರ್ತಿ ತೆರೆದಿಟ್ಟುಕೊಂಡು, ಮೇಜಿಗೆ ಬಿಗಿದ ಚಿಕ್ಕ ಯಂತ್ರವೊಂದರ ಹಿಡಿ ತಿರುಗಿಸುತ್ತ ಕೂತಿರುತ್ತಿದ್ದಳು. ತುಟಿ ಅಲ್ಲಾಡುತ್ತಿತ್ತು, ಸದ್ದು ಬರುತ್ತಿರಲಿಲ್ಲ. ಹೊಸ ಬೀದಿ, ಹೊಸ ಬಾಡಿಗೆ ಕೋಣೆ, ಒಳ್ಳೆಯವನೆನ್ನಿಸಿಕೊಳ್ಳುವ ಹುಮ್ಮಸ್ಸು. "ನಮಸ್ಕಾರ ಅಕ್ಕಾ" ಎಂದ. ಆಕೆ ಕಣ್ಣೆತ್ತಿ ನೋಡಿದಳು, ತುಟಿ ಅಲ್ಲಾಡಿಸಿದಳು, ಸದ್ದಿಲ್ಲ. ಅಯ್ಯೋ ಪಾಪ ಅನ್ನಿಸಿತು. ಮರುದಿನದಿಂದ ಕೈಸನ್ನೆ ಶುರು. ಊಟ ಆಯಿತೇ ಎಂದು ಕೇಳಲು ಐದು ಬೆರಳು ಬಾಯಿಗೊಯ್ದು ಹುಬ್ಬು ಹಾರಿಸುವುದು, ಆಫೀಸಿಗೆ ಹೊರಟೆ ಎನ್ನಲು ಎರಡು ಬೆರಳನ್ನು ಗಾಳಿಯಲ್ಲಿ ನಡೆಸುವುದು, ಬಿಸಿಲು ಜಾಸ್ತಿ ಎನ್ನಲು ಹಣೆಯಿಂದ ಇಲ್ಲದ ಬೆವರು ಒರೆಸಿ ಒದರುವುದು. ಆಕೆಯೂ ತಲೆಯಾಡಿಸುತ್ತಿದ್ದಳು. ಒಮ್ಮೊಮ್ಮೆ ಎಡಗೈ ಬಿಡುವು ಮಾಡಿಕೊಂಡು ತಾನೂ ಒಂದೆರಡು ಸನ್ನೆ ಮಾಡುತ್ತಿದ್ದಳು. ತನ್ನ ದೊಡ್ಡ ಮನಸ್ಸಿನ ಬಗ್ಗೆ ಅವನಿಗೆ ಒಳಗೊಳಗೇ ಅಭಿಮಾನ ಬೆಳೆಯಿತು.

ಒಂದು ಭಾನುವಾರ ತರಕಾರಿ ಗಾಡಿಯ ಮೇಲೆ ಬಗ್ಗಿ ಟೊಮೆಟೊ ಆರಿಸುತ್ತಿದ್ದಾಗ ಬೆನ್ನ ಹಿಂದಿನಿಂದ ಗಟ್ಟಿ ದನಿಯೊಂದು ಕೇಳಿಸಿತು.

"ಆ ಹುಡುಗನಿಗೆ ಒಳ್ಳೇದು ನೋಡಿ ಕೊಡಪ್ಪಾ. ಪಾಪ, ಅವನಿಗೆ ಮಾತು ಬರಲ್ಲ."

"ಬರುತ್ತೆ ಅಕ್ಕಾ!" ಎಂದು ಅವನು ತಿರುಗಿದ. "ನಿಮಗೆ... ನಿಮಗೂ ಬರುತ್ತಾ?"

"ಬರದೆ ಏನು? ಸುತ್ತು ಎಣಿಸೋವಾಗ ಬಾಯಿ ಬಿಟ್ರೆ ಲೆಕ್ಕ ತಪ್ಪುತ್ತೆ. ನಿನಗೇನು ದಾಡಿ, ಎಂಟು ತಿಂಗಳಿಂದ ಮಂಗನ ಹಾಗೆ ಕೈ ಆಡಿಸ್ತಿದ್ದೀಯಲ್ಲ?"

ತರಕಾರಿಯವನು ನಕ್ಕ ರಭಸಕ್ಕೆ ತಕ್ಕಡಿಯಲ್ಲಿದ್ದ ಬೀನ್ಸು ಕೆಳಗೆ ಬಿತ್ತು. ಅಂದಿನಿಂದ ಅವನಿಗೆ ಆ ಬೀದಿಯಲ್ಲಿ 'ಮೌನಿ' ಎಂದೇ ಹೆಸರು.

ಅಕ್ಕ ಮಾಡುತ್ತಿದ್ದದ್ದು ಮೋಟಾರು ವೈಂಡಿಂಗು. ಸುಟ್ಟುಹೋದ ಫ್ಯಾನು, ಮಿಕ್ಸಿ, ನೀರೆತ್ತುವ ಪಂಪು, ಏನೇ ಬರಲಿ, ಒಳಗೆ ಕರಕಲಾದ ತಾಮ್ರದ ತಂತಿಯನ್ನೆಲ್ಲ ಕಿತ್ತು, ಹೊಸ ತಂತಿಯನ್ನು ಅಷ್ಟೇ ಸುತ್ತು ಸುತ್ತಿ ಕೂರಿಸಿ, ವಾರ್ನಿಶ್ ಕುಡಿಸಿ, ಎರಡು ದೊಡ್ಡ ಬಲ್ಬು ಉರಿಯುವ ತಗಡಿನ ಪೆಟ್ಟಿಗೆಯಲ್ಲಿಟ್ಟು ಒಣಗಿಸಿ ಕೊಡುವುದು. ನೂರು ಸುತ್ತಿಗೊಮ್ಮೆ ಮೇಜಿನ ಮೇಲೆ ಸೀಮೆಸುಣ್ಣದ ಒಂದು ಗೀಟು. ಬಂದ ಸಾಮಾನನ್ನು ಬಿಚ್ಚುವ ಮೊದಲು ಆಕೆ ಅದನ್ನು ಮೂಗಿನ ಹತ್ತಿರ ಹಿಡಿದು ಮೂಸುತ್ತಿದ್ದಳು. "ನೀರು ನುಗ್ಗಿದೆ." "ಜಾಸ್ತಿ ಹೊತ್ತು ಓಡಿಸಿದ್ದೀರಿ." "ಇದಕ್ಕೆ ನನಗಿಂತ ಮುಂಚೆ ಯಾರೋ ಕೈಯಾಡಿಸಿ ಹಾಳು ಮಾಡಿದ್ದಾರೆ." ಎಲ್ಲ ಮೂಗೇ ಹೇಳುತ್ತಿತ್ತು.

ಬೀದಿಯ ಆ ತುದಿಯಲ್ಲಿದ್ದ ಫ್ಯಾನ್ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ನಿಂತು ಪಳಗಿದ ಮೂಗು ಅದು. ಕಾರ್ಖಾನೆ ಮುಚ್ಚಿ ಸಾಮಾನೆಲ್ಲ ಗುಜರಿಗೆ ಹೋಗುವಾಗ, ತಾನು ದಿನಾ ಹಿಡಿದ ಯಂತ್ರವನ್ನೇ ತೂಕದ ಲೆಕ್ಕದಲ್ಲಿ ಕೊಂಡು, ತಳ್ಳುಗಾಡಿಯಲ್ಲಿಟ್ಟು ಮನೆಗೆ ನೂಕಿಕೊಂಡು ಬಂದವಳು. ಆ ಜಾಗದಲ್ಲಿ ಈಗ ಹದಿನೆಂಟು ಮಹಡಿಯ ಫ್ಲ್ಯಾಟುಗಳು ಏಳುತ್ತಿದ್ದವು. ಅವನಿಗೆ ಸಂಬಳ ಕೊಡುತ್ತಿದ್ದದ್ದು ಅವೇ. ಕೆಲಸ, ಬಂದವರಿಗೆ ಮಾದರಿ ಫ್ಲ್ಯಾಟು ತೋರಿಸುವುದು. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಪ್ಲಾಸ್ಟಿಕ್ ಹಣ್ಣಿಟ್ಟ ಊಟದ ಮೇಜಿನ ಪಕ್ಕ ನಿಂತು, "ಇಲ್ಲಿ ಮೊದಲು ಏನೂ ಇರಲಿಲ್ಲ ಸಾರ್, ಬರೀ ಖಾಲಿ ಜಾಗ, ಅದಕ್ಕೇ ಗಾಳಿ ಇಷ್ಟು ಚೆನ್ನಾಗಿದೆ" ಎಂದು ದಿನಕ್ಕೆ ಹತ್ತು ಸಲ ಒಪ್ಪಿಸುವುದು. ಇದನ್ನೊಮ್ಮೆ ಜಂಬದಿಂದ ಅಕ್ಕನೆದುರು ಆಡಿ ತೋರಿಸಿದ.

"ಖಾಲಿ ಜಾಗವಾ?" ಎಂದಳು ಅಕ್ಕ. "ಹಾಗಾದ್ರೆ ನಾನು ಇಪ್ಪತ್ತೆರಡು ವರ್ಷ ಎಲ್ಲಪ್ಪಾ ನಿಂತಿದ್ದೆ?"

ಫ್ಲ್ಯಾಟುಗಳ ಜೊತೆ ಬೀದಿಗೆ ಇನ್ನೊಂದು ಕಾಟವೂ ಬಂದಿತ್ತು, ಮನೆ ನಂಬರು. ಗೇಟಿನ ಮೇಲೆ ಕಪ್ಪು ಬಣ್ಣದಲ್ಲಿ ಬರೆದ ಹಳೆಯದೊಂದು, ಪಕ್ಕದಲ್ಲಿ ನೀಲಿ ತಗಡಿನ ಹೊಸದೊಂದು, ಅದೂ ತಪ್ಪಾಯಿತೆಂದು ಮೇಲೆ ಮೊಳೆ ಹೊಡೆದ ಇನ್ನೂ ಹೊಸದೊಂದು. ಪಾರ್ಸೆಲ್ ತರುವವರು ಸಿಕ್ಕಸಿಕ್ಕ ಗೇಟಿಗೆ ತಲೆ ಹಾಕಿ ಬೈಸಿಕೊಳ್ಳುತ್ತಿದ್ದರು. ಕೊನೆಗೆ ಬೀದಿಯವರೆಲ್ಲ ಒಂದೇ ಉಪಾಯ ಕಂಡುಕೊಂಡರು. ಮೇಲೆ ತಮ್ಮ ಹೆಸರು, ಕೆಳಗೆ 'ಕೇರಾಫ್ ವೈಂಡಿಂಗ್ ಅಂಗಡಿ', ಅಷ್ಟೆ. ಆಕೆಯ ಬಾಗಿಲು ಹೇಗೂ ದಿನವಿಡೀ ತೆರೆದೇ ಇರುತ್ತಿತ್ತು. ಮೋಟಾರುಗಳ ಕಪಾಟಿನ ಮೇಲುಹಲಗೆಯಲ್ಲಿ ಪಾರ್ಸೆಲ್ಲುಗಳು ಸಾಲಾಗಿ ಕೂರತೊಡಗಿದವು. ಯಾರ ಪೂರ್ತಿ ಹೆಸರೇನು, ಯಾರ ಮನೆಗೆ ತಿಂಗಳಿಗೆ ಎಷ್ಟು ಜೊತೆ ಚಪ್ಪಲಿ ಬರುತ್ತದೆ, ಎಲ್ಲ ಆಕೆಗೆ ಗೊತ್ತು. "ಏಯ್ ಮೌನಿ, ನಿನ್ನದೊಂದು ಡಬ್ಬಿ ಬಂದಿದೆ ಇಳಿದು ಬಾರೋ" ಎಂದು ಮಹಡಿಗೆ ಕೇಳುವಂತೆ ಕೂಗುತ್ತಿದ್ದಳು.

ಅಷ್ಟರಲ್ಲಿ ಕಾಯಿಲೆ ಬಂತು. ಅಂಗಡಿಗಳು ಅರ್ಧ ಷಟರ್ ಎಳೆದವು. ದಿನಾ ಹೆಗಲ ಮೇಲೆ ಕೈ ಹಾಕಿ ಮಾತಾಡಿಸುತ್ತಿದ್ದವರು ಒಬ್ಬರನ್ನೊಬ್ಬರು ಬಳಸಿಕೊಂಡು ನಡೆಯತೊಡಗಿದರು. ಯಾರಾದರೂ ಸೀನಿದರೆ ಬೀದಿಯಲ್ಲಿ ನಾಲ್ಕು ಕಿಟಕಿ ಮುಚ್ಚುತ್ತಿದ್ದವು. ಅವನಿದ್ದ ಮನೆಯ ಓನರು, ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಮೆಟ್ಟಿಲ ಬುಡದಲ್ಲಿ ನಿಂತು ಒಮ್ಮೆ ಕರಾರುವಾಕ್ಕಾಗಿ ಹೇಳಿಬಿಟ್ಟಿದ್ದರು: "ನೋಡಪ್ಪಾ, ನಾವಿಬ್ಬರೂ ವಯಸ್ಸಾದವರು. ನಿನಗೇನಾದ್ರೂ ತಗುಲಿತು ಅಂದ್ರೆ ಅವತ್ತೇ ಕೋಣೆ ಖಾಲಿ. ಬೇಜಾರು ಮಾಡ್ಕೋಬಾರದು." ಅವನು ಬೇಜಾರು ಮಾಡಿಕೊಳ್ಳಲಿಲ್ಲ, ಹೆದರಿಕೊಂಡ.

ಅಕ್ಕನಿಗೆ ಮಾತ್ರ ಕೆಲಸ ದುಪ್ಪಟ್ಟಾಗಿತ್ತು. ಜನ ಹಗಲೆಲ್ಲ ಮನೆಯಲ್ಲೇ ಕೂತರೆ ಫ್ಯಾನು, ಮಿಕ್ಸಿ ಎಷ್ಟೆಂದು ತಾಳುತ್ತವೆ? ಓನರ ಮನೆಯ ಪಂಪೂ ಒಂದು ದಿನ ಹೊಗೆಯಾಡಿ ಕೂತಿತು. ಅದೂ ಎದುರಿನ ಅಂಗಡಿಗೇ ಹೋಯಿತು.

ಅದಾದ ಎರಡನೆಯ ಬೆಳಿಗ್ಗೆ ಅವನು ಕಿಟಕಿ ತೆರೆದಾಗ ವಾರ್ನಿಶ್ ವಾಸನೆ ಇರಲಿಲ್ಲ. ಎದುರಿಗೆ ತಗಡಿನ ಪೆಟ್ಟಿಗೆಯ ಸಂದಿಯಿಂದ ಬಲ್ಬಿನ ಬೆಳಕು ಕಾಣುತ್ತಲೇ ಇತ್ತು. ಸಾಬೂನು ಮೂಸಿದ. ನಿನ್ನೆಯ ಕಾಲುಚೀಲ ಮೂಸಿದ. ಅದೂ ನಾರುತ್ತಿರಲಿಲ್ಲ.

ಶಾಲೆಯ ಮೈದಾನದಲ್ಲಿ ಕಾಯಿಲೆಯ ಪರೀಕ್ಷೆ ನಡೆಯುತ್ತಿತ್ತು. ಬಿಸಿಲಲ್ಲಿ ಸಾಲು, ಕೈಗೊಂದು ಫಾರಂ, ಇಟ್ಟುಕೊಂಡು ಬರೆಯಲು ಸ್ವಂತ ಮೊಣಕಾಲು. ಹೆಸರು ಬರೆದ, ವಯಸ್ಸು ಬರೆದ. ವಿಳಾಸದ ಗೆರೆಗೆ ಬಂದಾಗ ಕೈ ತನ್ನಷ್ಟಕ್ಕೆ, ಎರಡು ವರ್ಷದಿಂದ ಎಲ್ಲ ಪಾರ್ಸೆಲ್ಲಿಗೂ ಬರೆದದ್ದನ್ನೇ ಬರೆಯಿತು: ಕೇರಾಫ್ ವೈಂಡಿಂಗ್ ಅಂಗಡಿ. ಅದರಲ್ಲಿ ಕಪಟವಿರಲಿಲ್ಲ. ಅವನ ಪರವಾಗಿ ಹೇಳಬಹುದಾದದ್ದು ಇದೊಂದೇ. ಇಲ್ಲಿಂದ ಮುಂದೆ ಹೇಳಲು ಬೇರೇನೂ ಇಲ್ಲ.

ಮರುದಿನ ಸಂಜೆ ಫೋನಿಗೆ ಸುದ್ದಿ ಬಂತು, ಕಾಯಿಲೆ ಇದೆ ಎಂದು. ಅದರ ಮರುದಿನ ಬೆಳಿಗ್ಗೆ ಬಾಯಲ್ಲಿ ಬ್ರಷ್ ಇಟ್ಟುಕೊಂಡು ಕಿಟಕಿಗೆ ಬಂದರೆ, ಅಡಿಯಿಂದ ಮುಡಿಯವರೆಗೆ ಬಿಳಿ ಮುಸುಕು ಹಾಕಿದ ಇಬ್ಬರು ಅಕ್ಕನ ಬಾಗಿಲಲ್ಲಿ ನಿಂತಿದ್ದರು. ಒಬ್ಬನ ಕೈಯಲ್ಲಿ ಕೆಂಪು ಅಂಚಿನ ಕಾಗದ, ಇನ್ನೊಬ್ಬನ ಕಂಕುಳಲ್ಲಿ ತಗಡಿನ ಹಾಳೆ, ಸುತ್ತಿಗೆ. ಅಕ್ಕ ಕೈ ಬೀಸಿ ಬೀಸಿ ಏನೋ ಹೇಳುತ್ತಿದ್ದಳು, ಮಾಸ್ಕಿನೊಳಗಿನ ಮಾತು ಇಲ್ಲಿಗೆ ಕೇಳುತ್ತಿರಲಿಲ್ಲ. ಮೊದಲು ಅವನಿಗೆ ಏನೂ ಹೊಳೆಯಲಿಲ್ಲ. ಹೊಳೆದಾಗ ಬಾಯಲ್ಲಿದ್ದ ನೊರೆ ನುಂಗಿದ.

ಬೀದಿಯ ಅಗಲ ಹದಿನೈದು ಹೆಜ್ಜೆ. "ಅಲ್ಲಲ್ಲ, ಇಲ್ಲಿ, ನಾನು" ಎಂದು ಒಂದು ಕೂಗು ಹಾಕಿದ್ದರೆ ಮುಗಿದಿತ್ತು. ಬಾಯಿ ತೆರೆದ ಕೂಡ. ಆಗ ಕೆಳಗೆ ಓನರು ಬಂದು, ಗೇಟಿಗೆ ಒರಗಿ, ಕೈಕಟ್ಟಿ ಎದುರು ಮನೆ ನೋಡುತ್ತ ನಿಂತರು. ತೆರೆದ ಬಾಯಿಯನ್ನು ತೊಳೆಯಲೆಂದು ಅವನು ಒಳಗೆ ಹೋದ. ಅಷ್ಟೊತ್ತಿಗೆ ಫೋನು ಬಡಿದುಕೊಂಡಿತು.

"ಆರೋಗ್ಯದ ಆಫೀಸಿಂದ. ಎಲ್ಲಿದ್ದೀರಿ?"

"ಮನೇಲಿ ಸಾರ್."

"ಹೊರಗೆಲ್ಲೂ ಹೋಗಿಲ್ಲ ತಾನೆ?"

"ಇಲ್ಲ ಸಾರ್. ಒಳಗೇ ಇದ್ದೀನಿ."

"ವೈಂಡಿಂಗ್ ಅಂಗಡಿ ಅಂತಿದೆ. ನಿಮ್ಮ ವಿಳಾಸ ಇದೇನಾ? ಸರಿಯಾಗಿ ಹೇಳಿ."

ಅವನು ಮಗ್ಗಿನ ನೀರನ್ನು ನೋಡಿದ. ಕೆಳಗಿಂದ ಓನರ ಕೆಮ್ಮು ಕೇಳಿಸಿತು.

"ಅದೇ ಸಾರ್" ಎಂದ.

ಎಷ್ಟು ಸಲೀಸಾಗಿ ಬಂತು ಆ ಮಾತು! ಗಿರಾಕಿಗಳಿಗೆ ಒಪ್ಪಿಸುವಾಗಿನ ಅದೇ ನಯವಾದ ದನಿ. ಬಾಯಿ ಒರೆಸಿಕೊಂಡು ಕಿಟಕಿಗೆ ಬರುವಷ್ಟರಲ್ಲಿ ಎದುರು ಬಾಗಿಲಿಗೆ ಅಡ್ಡಲಾಗಿ ತಗಡು ಕೂತು, ಮೊಳೆಯ ಸದ್ದು ಬೀದಿಗೆಲ್ಲ ಕೇಳುತ್ತಿತ್ತು.

ಹದಿನಾಲ್ಕು ದಿನ. ಅವನಿಗೆ ಎರಡು ದಿನ ಮೈಕೈ ನೋವು, ಒಂದಿಷ್ಟು ಜ್ವರ. ಹೇಳಿಕೊಳ್ಳುವಂಥ ಕಾಯಿಲೆಯೂ ಅಲ್ಲ. "ಮನೆಯಿಂದಲೇ ಕೆಲಸ ಸಾರ್, ವಿಪರೀತ" ಎಂದು ಬಾಗಿಲು ಹಾಕಿಕೊಂಡ. ಪಂಪು ಅಕ್ಕನ ಮನೆಯೊಳಗೆ ಸಿಕ್ಕಿಬಿದ್ದದ್ದರಿಂದ ಮಹಡಿಗೆ ನೀರು ಏರುತ್ತಿರಲಿಲ್ಲ. ಎಪ್ಪತ್ತರ ಓನರು ದಿನಾ ಒಂದು ಬಕೆಟ್ ನೀರು ಮೆಟ್ಟಿಲು ಹತ್ತಿಸಿ ಅವನ ಬಾಗಿಲ ಬಳಿ ಇಟ್ಟು ಏದುಸಿರು ಬಿಡುತ್ತಿದ್ದರು. ಅವರು ಇಳಿದ ಮೇಲೆ ಇವನು ಬಾಗಿಲು ತೆರೆದು, ಒಳಗಿನ ಕಾಯಿಲೆಯ ಕೈಯಿಂದ ಅದೇ ಹಿಡಿ ಹಿಡಿದು ಎಳೆದುಕೊಳ್ಳುತ್ತಿದ್ದ. ಬಕೆಟ್ ವಾಪಸು ಇಡುವಾಗ ಹಿಡಿಯನ್ನು ಸಾಬೂನಿನಿಂದ ಮೂರು ಸಲ ಉಜ್ಜುತ್ತಿದ್ದ. ಅದನ್ನೇ ಅವನು ಆ ದಿನಗಳಲ್ಲಿ ಮನುಷ್ಯತ್ವ ಎಂದುಕೊಂಡಿದ್ದ.

ಮೂರನೆಯ ದಿನ ಓನರು ಬಾಗಿಲಾಚೆಯಿಂದಲೇ ಮಾತಿಗೆ ನಿಂತರು. "ನೋಡಿದ್ಯಾ ಎದುರು ಮನೆ ಕತೆ? ಊರವರ ಸಾಮಾನೆಲ್ಲ ಮುಟ್ಟೋ ಹೆಂಗಸು. ಬರದೆ ಇರುತ್ತಾ? ಈಗ ನೋಡಿದ್ರೆ ನನಗೇನೂ ಇಲ್ಲ ಅಂತ ಹಾರಾಡ್ತಾಳಂತೆ. ಅದಿರಲಿ, ನೀನು ಅಲ್ಲಿಗೆ ಹೋಗಿ ಬರ್ತಿದ್ದೆ ಅಲ್ವಾ?"

"ಇಲ್ಲ ಸಾರ್. ಅಷ್ಟಾಗಿ ಇಲ್ಲ."

"ಒಳ್ಳೇದಾಯ್ತು. ಇನ್ನು ಮುಂದೆನೂ ಅಷ್ಟೇ, ದೂರ ಇರು."

"ಹೂಂ ಸಾರ್. ದೂರ ಇರೋದೇ ಒಳ್ಳೇದು ಅಂಥವರಿಂದ."

ಓನರು ಹೇಳಿಕೊಟ್ಟದ್ದು 'ದೂರ ಇರು' ಎಂಬಷ್ಟೇ. 'ಅಂಥವರಿಂದ' ಎಂಬುದನ್ನು ಅವನೇ ಕೈಯಿಂದ ಹಾಕಿ ಸೇರಿಸಿದ. ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತ. ಬಕೆಟ್ಟಿನ ನೀರಿನಲ್ಲಿ ಮುಖ ಕಾಣುತ್ತಿತ್ತು. ಎದ್ದು ಅದಕ್ಕೊಂದು ತಟ್ಟೆ ಮುಚ್ಚಿದ.

ದಿನಾ ಹನ್ನೊಂದಕ್ಕೆ ಫೋನು. ಜ್ವರ ಇದೆಯೇ, ಇಲ್ಲ ಸಾರ್. ಒಳಗೇ ಇದ್ದೀರಾ, ಇದ್ದೀನಿ ಸಾರ್. ಎದುರುಗಡೆ ತರಕಾರಿಯವನು ಚೀಲವನ್ನು ಕೋಲಿನ ತುದಿಗೆ ಸಿಕ್ಕಿಸಿ ತಗಡಿನ ಮೇಲಿಂದ ಒಳಗೆ ದಾಟಿಸುತ್ತಿದ್ದ. ಅಕ್ಕನ ಕೈ ಒಂದು ಕ್ಷಣ ಕಾಣಿಸಿ ಮರೆಯಾಗುತ್ತಿತ್ತು. ಉಳಿದ ಹೊತ್ತಿನಲ್ಲಿ ಯಂತ್ರದ ಹಿಡಿಯ ಕಿರಿಕಿರಿ ಸದ್ದು. ಆಕೆ ಮಹಡಿಯತ್ತ ಒಮ್ಮೆಯೂ ಕೂಗಲಿಲ್ಲ.

ಹದಿನೈದನೆಯ ದಿನ ತಗಡು ಕಿತ್ತರು. ಬಾಗಿಲ ಚೌಕಟ್ಟಿನಲ್ಲಿ ಎಂಟು ತೂತು ಉಳಿದವು. ಗಿರಾಕಿಗಳು ಮಾತ್ರ ವಾಪಸು ಬರಲಿಲ್ಲ. ಒಳಗಿದ್ದ ತಮ್ಮ ಫ್ಯಾನುಗಳನ್ನೂ ಕೆಲವರು ಕೇಳಲಿಲ್ಲ, ಹೊಸದು ಕೊಂಡರು. ಪಾರ್ಸೆಲ್ಲುಗಳೂ ಬರಲಿಲ್ಲ. ಬೀದಿಗೆ ಬೀದಿಯೇ ತನ್ನ ವಿಳಾಸ ಬದಲಾಯಿಸಿಕೊಂಡಿತ್ತು: 'ಮೆಡಿಕಲ್ ಶಾಪಿನ ಪಕ್ಕದ ಓಣಿ'. ಮೇಲುಹಲಗೆ ಖಾಲಿಯಾಯಿತು. ಅಕ್ಕ ಅದರ ಮೇಲೆ ಗಿರಾಕಿ ಇಲ್ಲದ ಮಿಕ್ಸಿಗಳನ್ನು ಸಾಲಾಗಿ ಇಟ್ಟಳು.

ಅವನು ವಾಸನೆ ಮರಳಿದ ಮೇಲೆ, ಅಂದರೆ ಕ್ಷೇಮವಾದ ಮೇಲೆ, ಹೊಸ್ತಿಲ ಬಳಿ ಹೋದ. ಹರಿದ ಕಾಗದದ ತುಂಡೊಂದು ಕದಕ್ಕೆ ಇನ್ನೂ ಅಂಟಿಕೊಂಡಿತ್ತು. ಅದರಲ್ಲಿ ಅವನದೇ ಹೆಸರಿನ ಮೊದಲರ್ಧ. ಅಂದರೆ ಅಕ್ಕನಿಗೆ ಮೊದಲ ದಿನವೇ ಗೊತ್ತಿತ್ತು! ಗೊತ್ತಿದ್ದೂ ಹದಿನಾಲ್ಕು ದಿನ ತುಟಿ ಪಿಟಕ್ಕೆನ್ನದೆ ತನ್ನನ್ನು ಕಾಪಾಡಿದ್ದಾಳೆ. ಎಂಥ ಜೀವ! ಅವನ ಕಣ್ಣು ತುಂಬಿ ಬಂತು. ಆಕೆಯ ದೊಡ್ಡತನದ ಮುಂದೆ ತಾನೆಷ್ಟು ಸಣ್ಣವನು ಎಂದು ಕೊರಗುವುದರಲ್ಲಿ ಒಂದು ಬಗೆಯ ಸುಖವೂ ಇತ್ತೆಂಬುದನ್ನು ಮುಚ್ಚಿಡಬಾರದು. ಆ ಸುಖದಲ್ಲಿ, ಬಾಯಿ ಬಿಟ್ಟು ತಪ್ಪೊಪ್ಪಿಕೊಳ್ಳುವುದನ್ನು ಇನ್ನೂ ಮೂರು ವಾರ ಮುಂದೂಡಿದ.

ಅದರ ಬದಲು ಪ್ರಾಯಶ್ಚಿತ್ತಕ್ಕೊಂದು ಅಡ್ಡದಾರಿ ಹುಡುಕಿದ. ಅಕ್ಕನಿಗೆ ಕೆಲಸ ಕೊಟ್ಟರಾಯಿತು. ತನ್ನ ಚೆನ್ನಾಗಿದ್ದ ಟೇಬಲ್ ಫ್ಯಾನಿನ ರೆಕ್ಕೆಗೆ ಟವೆಲ್ ಬಿಗಿದು ಕಟ್ಟಿ, ಸ್ವಿಚ್ ಹಾಕಿ, ಹೊಗೆ ಬರುವವರೆಗೂ ಎದುರಿಗೆ ಕೂತ. ಟವೆಲ್ಲೂ ಸ್ವಲ್ಪ ಸುಟ್ಟಿತು.

ಅಕ್ಕ ಮೂಸಿದಳು. "ಇದನ್ನ ಯಾರೋ ಬೇಕು ಅಂತ ಸುಟ್ಟಿದ್ದಾರೆ."

"ಹೌದಾ? ಯಾರಿರಬಹುದು?"

"ಯಾವನೋ ತಲೆ ಕೆಟ್ಟವನು. ಗುರುವಾರ ಬಾ." ಮೌನಿ ಎನ್ನಲಿಲ್ಲ. ದಣಿದಿರಬೇಕು ಎಂದುಕೊಂಡ.

ಗುರುವಾರ ಅವನು ಮೆಟ್ಟಿಲಿಳಿಯುತ್ತಿದ್ದಾಗ ಅಕ್ಕನೇ ಗೇಟಿನ ಹೊರಗೆ ನಿಂತಿದ್ದಳು, ಕಾಲ ಬಳಿ ಓನರ ಪಂಪು. ಹೊಸ ಬಣ್ಣ ಬಳಿದಿದ್ದಳು. ಓನರು ಗೇಟಿನ ಒಳಗೆ, ಮೂರು ಹೆಜ್ಜೆ ಹಿಂದೆ.

"ಬೇಡಮ್ಮಾ, ವಾಪಸ್ ತಗೊಂಡು ಹೋಗು. ಹೊಸದು ಹಾಕಿಸಿದೀನಿ."

"ಮೇಷ್ಟ್ರೇ, ನೀವೇ ಕೊಟ್ಟಿದ್ದಲ್ವಾ? ತಗಡು ಹೊಡೆದ ದಿನಗಳಲ್ಲಿ ಒಳಗೆ ಕೂತು ಇದನ್ನೇ ಸುತ್ತಿದ್ದು. ಒಂದು ಸಲ ಓಡಿಸಿ ನೋಡಿ."

"ಒಳಗೆ ಕೂತು ಸುತ್ತಿದ್ದು ಅಂತಾನೇ ಬೇಡ ಅಂದಿದ್ದು. ನಿನಗೆ ಅರ್ಥ ಆಗಲ್ವಾ? ಕಾಯಿಲೆ ಇದ್ದ ಕೈ ಅದು."

ಅಕ್ಕ ತನ್ನ ಕೈಗಳನ್ನೊಮ್ಮೆ ನೋಡಿಕೊಂಡಳು. ವಾರ್ನಿಶ್ ಮೆತ್ತಿ ಉಗುರೆಲ್ಲ ಕಂದು ಬಣ್ಣಕ್ಕೆ ತಿರುಗಿದ ಆ ಕೈಗಳನ್ನು ಸೆರಗಿನಲ್ಲಿ ಒರೆಸಿಕೊಂಡಳು. ಅದನ್ನು ನೋಡಲಾಗದೆ ಮೆಟ್ಟಿಲ ಮೇಲಿದ್ದವನ ಬಾಯಿಂದ ಏನೋ ಹೊರಟಿತು.

"ಏನಂದೆ?" ಎಂದು ಓನರು ತಿರುಗಿದರು.

"ಕಾಯಿಲೆ ಅವರಿಗಲ್ಲ ಸಾರ್."

"ಮತ್ತೆ?"

"ನನಗೆ."

"ಏನು? ಮಾಸ್ಕ್ ತೆಗೆದು ಸರಿಯಾಗಿ ಹೇಳು... ಬೇಡ ಬೇಡ ಬೇಡ, ತೆಗೀಬೇಡ! ಹಾಗೇ ಹೇಳು!"

ಅವನು ಹಾಗೇ ಹೇಳಿದ. ಫಾರಂ, ವಿಳಾಸ, ಎಲ್ಲ. ಫೋನಿನಲ್ಲಿ ಆಡಿದ ಮಾತೊಂದನ್ನು ಬಿಟ್ಟು. ಓನರು ಮೊದಲು ನಂಬಲಿಲ್ಲ, ಆಮೇಲೆ ಗೋಡೆ ಹಿಡಿದುಕೊಂಡರು. "ದಿನಾ ನೀರು ಹೊತ್ತೆನಲ್ಲೋ ನಾನು! ಆ ಬಕೆಟ್ ಹಿಡಿ... ನಮ್ಮ ಮನೆಯವಳಿಗೆ ಸಕ್ಕರೆ ಕಾಯಿಲೆ ಇದೆ, ಗೊತ್ತಾ ನಿನಗೆ?" ಬೈಗುಳ ಹುಡುಕಿದರು, ಮೇಷ್ಟ್ರಿಗೆ ಒಳ್ಳೆಯದೊಂದೂ ಸಿಗಲಿಲ್ಲ. "ತಿಂಗಳ ಕೊನೆಗೆ ಖಾಲಿ ಮಾಡು" ಎಂದು ಒಳಗೆ ಹೋಗಿ ಕದ ಹಾಕಿಕೊಂಡರು. ಪಂಪು ಮಾತ್ರ ಬೀದಿಯಲ್ಲೇ ಉಳಿಯಿತು. ನಿಜ ಗೊತ್ತಾದ ಮೇಲೂ ಅವರು ಅದನ್ನು ಕೇಳಲಿಲ್ಲ. ಹೊಸದು ಬಂದಾಗಿತ್ತು.

ಅವನು ಪಂಪನ್ನು ಎದೆಗೆ ಅವಚಿಕೊಂಡು ಹದಿನೈದು ಹೆಜ್ಜೆ ದಾಟಿ ಅಕ್ಕನ ಮೇಜಿನ ಮೇಲಿಟ್ಟ. ಹೊಸ ಬಣ್ಣ ಅಂಗಿಗೆ ಹತ್ತಿತು. ಅಕ್ಕ ಅದರ ಮೇಲೊಂದು ಹಳೇ ಗೋಣಿ ಹೊದಿಸಿದಳು. ಆಗಬೇಕಾದದ್ದು ಆಯಿತಲ್ಲ, ಕೊನೆಗೂ ಬಾಯಿ ಬಿಟ್ಟೆನಲ್ಲ ಎಂದು ಅವನ ಎದೆ ಹಗುರವಾಗಿತ್ತು. ಇನ್ನೊಂದಿಷ್ಟು ಹಗುರ ಮಾಡಿಕೊಳ್ಳುವ ಆಸೆ ಹುಟ್ಟಿತು.

"ಅಕ್ಕಾ, ಕಾಗದದಲ್ಲಿ ನನ್ನ ಹೆಸರಿತ್ತು. ನಿಮಗೆ ಅವತ್ತೇ ಗೊತ್ತಿತ್ತು. ಆದ್ರೂ ನನ್ನನ್ನ ಬಿಟ್ಟುಕೊಡಲಿಲ್ಲ. ಯಾಕಕ್ಕಾ?"

ಅಕ್ಕ ಗೋಣಿಯ ಅಂಚು ಸರಿಮಾಡಿ, ಅವನ ಮುಖ ನೋಡಿದಳು.

"ಬಿಟ್ಟುಕೊಟ್ಟೆನಲ್ಲೋ," ಎಂದಳು. "ಅವರು ಹೆಸರು ಓದಿದ ತಕ್ಷಣ ಹೇಳಿದೆ, ಈ ಮನೆಯವನಲ್ಲ, ಎದುರು ಮಹಡಿಯವನು ಅಂತ. ಇಲ್ಲೇ, ನೀನು ನಿಂತಿದ್ದೀಯಲ್ಲ, ಇಲ್ಲೇ ನಿಂತು ನಿನಗೆ ಫೋನ್ ಮಾಡಿದ್ರು, ಸ್ಪೀಕರ್ ಹಾಕಿ. ನೀನು 'ಅದೇ ಸಾರ್' ಅಂದೆ. ಅವನನ್ನ ಒಳಗೆ ಬಚ್ಚಿಟ್ಕೊಂಡು, ಇಷ್ಟು ವಯಸ್ಸಾಗಿ ಸುಳ್ಳು ಹೇಳ್ತೀಯೇನಮ್ಮಾ ಅಂತ ನನಗೆ ಉಗಿದು ಮೊಳೆ ಹೊಡೆದ್ರು. ಅವರೇ ನಂಬದ ಮೇಲೆ ಇನ್ಯಾರಿಗೆ ಹೇಳಲಿ?"